ಕುರ ಅರಸರ ಸೀಸದ ನಾಣ್ಯ: ‘ಚೈತ್ಯ’ ಎಂಬ ಹೆಸರಿನ ಮರುಪರಿಶೀಲನೆ

ಕೊಲ್ಹಾಪುರದ ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬವನ್ನು 1945-46ರಲ್ಲಿ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತ್ ಅಗೆಸಿದರು. ಅದಕ್ಕೂ ಮೊದಲೇ ಕೊಲ್ಹಾಪುರದ ನೆಲ ಕುರ ಅರಸರ, ಅಂದರೆ ಹೆಸರು ‘ಕುರ’ ಎಂದು ಮುಗಿಯುವ ಪ್ರಾಚೀನ ಅರಸರ, ಸೀಸದ ನಾಣ್ಯಗಳಿಗೆ ಹೆಸರಾಗಿತ್ತು. ನಾಣ್ಯದ ಒಂದು ಬದಿಯಲ್ಲಿ ಬಾಣ ಹೂಡಿದ ಬಿಲ್ಲು. ಸುತ್ತಲೂ ಬ್ರಾಹ್ಮಿಯಲ್ಲಿ ವಾಸಿಠೀಪುತ ವಿಳಿವಾಯಕುರ, ಮಾಢರೀಪುತ ಸಿವಲಕುರ, ಗೋತಮೀಪುತ ವಿಳಿವಾಯಕುರ ಎಂಬ ಹೆಸರುಗಳಲ್ಲೊಂದು. ಇನ್ನೊಂದು ಬದಿಯಲ್ಲಿ ಒಂದರ ಮೇಲೊಂದು ಪೇರಿಸಿದ ಕಮಾನುಗಳು, ಕಟಕಟೆಯೊಳಗಿನ ಮರ. ರ‍್ಯಾಪ್ಸನ್ ಎಂಬ ವಿದ್ವಾಂಸ 1908ರ ತನ್ನ ನಾಣ್ಯಸೂಚಿಯಲ್ಲಿ ಈ ಕಮಾನುಗಳನ್ನು ‘ಚೈತ್ಯ’ (ಬೌದ್ಧರ ಪೂಜಾಸ್ಥಾನ) ಎಂದ. ಹೆಸರು ಅಂಟಿಕೊಂಡಿತು, ಅದರ ಬೆನ್ನಿಗೇ ಇವು ಬೌದ್ಧ ನಾಣ್ಯಗಳೆಂಬ ಎಣಿಕೆಯೂ ಬೇರೂರಿತು. ಈ ಎಣಿಕೆಗೆ ನಾಣ್ಯಗಳಲ್ಲಿ ಆಧಾರವಿಲ್ಲ.

ಎಲ್ಲಕ್ಕಿಂತ ಗಟ್ಟಿ ಸಾಕ್ಷ್ಯ ಮರುಟಂಕನದ್ದು. ಸಿವಲಕುರ ತನ್ನ ಹಿಂದಿನವನ ನಾಣ್ಯಗಳ ಮೇಲೆಯೇ ಅಚ್ಚು ಒತ್ತಿಸಿದ. ಗೋತಮೀಪುತ ಇಬ್ಬರ ನಾಣ್ಯಗಳ ಮೇಲೂ ಒತ್ತಿಸಿದ. ಹೊಸ ಅಚ್ಚಿನಡಿಯಲ್ಲಿ ಹಳೆಯದರ ಅಳಿದುಳಿದ ಗೆರೆ ಕಾಣುವುದರಿಂದಲೇ ಮೂವರ ಅನುಕ್ರಮ ನಮಗೆ ತಿಳಿದಿದೆ. ಹೆಸರು ಬದಲಾಯಿತು, ಬಿಲ್ಲೂ ಕಮಾನೂ ಹಾಗೆಯೇ ಉಳಿದವು. ಅಂದಮೇಲೆ ಈ ಗುರುತುಗಳು ಅಧಿಕಾರದ ಮುದ್ರೆ, ಒಬ್ಬೊಬ್ಬ ಅರಸನ ಶ್ರದ್ಧೆಯ ಘೋಷಣೆಯಲ್ಲ. ಬೆಟ್ಟದಂತೆ ಪೇರಿಸಿದ ಈ ಕಮಾನುಗಳ ಗುರುತು, ‘ಕಮಾನು ಬೆಟ್ಟ’, ಇವಕ್ಕಿಂತ ಹಳೆಯ ಬೆಳ್ಳಿಯ ಮುದ್ರಾಂಕಿತ ನಾಣ್ಯಗಳಲ್ಲೇ ಇದೆ. 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‌ಥೆಂಬಿಯಲ್ಲಿ ದೊರೆತ ನಿಧಿಯಲ್ಲಿ, ಶಾತವಾಹನ ಅರಸ ಗೌತಮೀಪುತ್ರ ಶಾತಕರ್ಣಿ ಕ್ಷತ್ರಪ ನಹಪಾನನ ಬೆಳ್ಳಿ ನಾಣ್ಯಗಳ ಮೇಲೆ ಒತ್ತಿಸಿದ್ದೂ ಇದನ್ನೇ. ಗೌತಮೀಪುತ್ರನ ತಾಯಿಯ ನಾಸಿಕ ಶಾಸನ ಮಗನನ್ನು ಅದ್ವಿತೀಯ ಬ್ರಾಹ್ಮಣನೆಂದು ಹೊಗಳುತ್ತಲೇ ಭಿಕ್ಷುಗಳಿಗೆ ಗುಹೆಯನ್ನು ಬಿಟ್ಟುಕೊಡುತ್ತದೆ. ಕನ್ನಡ ನಾಡಿನ ಚುಟು ಮನೆತನದ ಅರಸ ಚುಟುಕುಲಾನಂದನ ಸೀಸದ ನಾಣ್ಯಗಳಲ್ಲಿ ಅದೇ ಬೆಟ್ಟ, ಅದೇ ಮರ. ಆ ಮನೆತನದ ರಾಜಕುಮಾರಿ ಬನವಾಸಿಯಲ್ಲಿ ನಾಗಶಿಲ್ಪ, ಕೆರೆ, ವಿಹಾರ ಮೂರನ್ನೂ ಮಾಡಿಸಿದಳು, ಮಳವಳ್ಳಿಯ ಶಾಸನದಲ್ಲಿ ಅದೇ ಮನೆತನದ ದತ್ತಿ ಮಳಪಳಿದೇವನಿಗೆ ಸಂದಿತು. ಇಷ್ಟು ಹಂಚಿಹೋದ ಭಕ್ತಿಯನ್ನು ಒಂದೇ ಗುರುತಿನಿಂದ ಒಂದೇ ಮತಕ್ಕೆ ಕಟ್ಟಿಹಾಕುವುದು ಸಲ್ಲದು.

ಕೊಲ್ಹಾಪುರದಲ್ಲಿ ಬೌದ್ಧರು ಇದ್ದರಲ್ಲ ಎಂದು ಆಕ್ಷೇಪಿಸಬಹುದು. ಇದ್ದದ್ದು ನಿಜ. ಅಲ್ಲಿನ ಸ್ತೂಪದಲ್ಲಿ ದೊರೆತ ಧಾತುಕರಂಡಕದ (ಪವಿತ್ರ ಅವಶೇಷಗಳ ಪೆಟ್ಟಿಗೆಯ) ಬರಹ ಬಮ್ಹನ ದಾನವನ್ನೂ ಅದನ್ನು ಮಾಡಿಸಿದ ಧಮಗುತನನ್ನೂ ಹೆಸರಿಸುತ್ತದೆ. ಆದರೆ ಆ ದಾನಿ ಅರಸನೆಂದು ಬರಹ ಹೇಳುವುದಿಲ್ಲ. ಊರಲ್ಲಿ ಸ್ತೂಪವಿದ್ದ ಮಾತ್ರಕ್ಕೆ ಟಂಕಸಾಲೆ ಬೌದ್ಧವಾಗದು. ಬೌದ್ಧ ನಾಣ್ಯ ಹೇಗಿರುತ್ತದೆಂಬುದನ್ನು ಟಿಬೆಟಿನ ಗಂದೆನ್ ಟಂಕಾ ತೋರಿಸುತ್ತದೆ. ಆ ಬೆಳ್ಳಿಯ ಬಿಲ್ಲೆಯ ನಡುವೆ ತಾವರೆ, ಸುತ್ತ ಅಷ್ಟಮಂಗಲ ಚಿಹ್ನೆಗಳು. ಬರಹ ದಲೈ ಲಾಮಾರ ಗಂದೆನ್ ಸರಕಾರ ದಿಕ್ಕುದಿಕ್ಕಿಗೂ ಜಯಶಾಲಿಯೆಂದು ಸಾರುತ್ತದೆ. ಅಲ್ಲಿ ಚಿತ್ರಕ್ಕೆ ಅಕ್ಷರವೇ ಸಾಕ್ಷಿ. ಕುರರ ನಾಣ್ಯದಲ್ಲಿ ಅಕ್ಷರ ಹೇಳುವುದು ಅರಸನ ಮತ್ತು ಅವನ ತಾಯಿಯ ಹೆಸರನ್ನಷ್ಟೇ. ಕಮಾನಿನ ರೂಪವನ್ನು ಕಂಡ ಬೌದ್ಧ ಉಪಾಸಕನಿಗೆ ಸ್ತೂಪದ ನೆನಪಾಗಿರಲೂಬಹುದು; ಅದು ನೋಡಿದವನ ಅರ್ಥ, ಒತ್ತಿಸಿದವನದ್ದೆನ್ನಲು ಪುರಾವೆ ಬೇಕು. ಅದು ಸಿಗುವವರೆಗೆ ನಮ್ಮ ಸೂಚಿಗಳಲ್ಲಿ ‘ಚೈತ್ಯ’ವನ್ನು ಕೈಬಿಟ್ಟು ‘ಕಮಾನು ಬೆಟ್ಟ’ ಎಂದು ಬರೆಯುವುದೇ ಸರಿ.