'ಅಕ್ಸೆಪ್ಟ್ ಆಲ್' ಒತ್ತುವ ಮುನ್ನ: ಗ್ರಾಹಕರೂ ಅಂಗಡಿಯವರೂ ತಿಳಿದಿರಬೇಕಾದ್ದು

ತೆರಕಣಾಂಬಿ: ಮೊಬೈಲ್‌ನಲ್ಲಿ ಟೊಮೆಟೊ ರೇಟು ನೋಡೋಣ ಅಂತ ಯಾವುದೋ ವೆಬ್‌ಸೈಟ್ ತೆರೆದರೆ ಮೊದಲು ಅಡ್ಡ ಬರೋದು ಕುಕೀಸ್ ಪ್ರಕಟಣೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಅಕ್ಸೆಪ್ಟ್ ಆಲ್'. ಓದೋರು ಯಾರು? ಒತ್ತಿ ಮುಂದೆ ಹೋಗ್ತೇವೆ.

ಕುಕೀ ಅಂದರೆ ವೆಬ್‌ಸೈಟ್ ನಮ್ಮ ಫೋನಿನ ಬ್ರೌಸರ್‌ನಲ್ಲಿ ಇಟ್ಟುಹೋಗುವ ಚಿಕ್ಕ ಫೈಲು. ಮತ್ತೆ ಹೋದಾಗ ಅದು ನಮ್ಮನ್ನು ಗುರುತು ಹಿಡಿಯುತ್ತದೆ. ಲಾಗಿನ್ ಉಳಿಯಲು, ಆರಿಸಿಟ್ಟ ಸಾಮಾನು ಮಾಯವಾಗದಿರಲು ಇದು ಬೇಕು. ತಕರಾರು ಇರುವುದು ಜಾಹೀರಾತು ಕಂಪನಿಗಳ ಕುಕೀಗಳ ಬಗ್ಗೆ. ಒಂದು ಕಡೆ ಔಷಧಿ ಹೊಡೆಯುವ ಪಂಪು ನೋಡಿದರೆ ವಾರವೆಲ್ಲ ಬೇರೆ ಸೈಟುಗಳಲ್ಲೂ ಅದೇ ಪಂಪು ಬೆನ್ನು ಹತ್ತುವುದು ಹೆಚ್ಚಾಗಿ ಇವುಗಳಿಂದಲೇ. ಬೇಡವಾದರೆ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ಥರ್ಡ್ ಪಾರ್ಟಿ ಕುಕೀಸ್ ಬ್ಲಾಕ್ ಮಾಡಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸಿನ ಅರ್ಜಿದಾರರು ನಮ್ಮ ರಾಜ್ಯದವರೇ: ಕರ್ನಾಟಕ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಂತರ ಬಂದದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಅದರಲ್ಲಿ 'ಕುಕೀ' ಎಂಬ ಪದವೇ ಇಲ್ಲ. ಆದರೂ ಕುಕೀ ಮೂಲಕ ಪಡೆದ ಮಾಹಿತಿಯಿಂದ ನೀವು ಯಾರೆಂದು ಗುರುತಿಸಬಹುದಾದರೆ ಒಪ್ಪಿಗೆಯ ನಿಯಮ ಅದಕ್ಕೂ ಅನ್ವಯಿಸುತ್ತದೆ. ಯಾವ ಮಾಹಿತಿ, ಯಾತಕ್ಕೆ ಎಂದು ಮೊದಲೇ ಹೇಳಬೇಕು. ಕನ್ನಡದಲ್ಲಿ ಓದುವ ಆಯ್ಕೆ ಕೊಡಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳಲೂ ಆಗಬೇಕು. 18 ವರ್ಷದೊಳಗಿನವರಾದರೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು.

ಆದರೆ ಇವತ್ತೇ ಈ ಕಾಯ್ದೆ ಹಿಡಿದು ಜಗಳಕ್ಕೆ ಹೋಗಬೇಡಿ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆಯ ಈ ನಿಯಮಗಳಿಗೆ 18 ತಿಂಗಳ ಗಡುವಿದೆ. ಅಂದರೆ 2027ರ ಮೇ ಮಧ್ಯಭಾಗದಿಂದ ಜಾರಿ. ಅಲ್ಲಿಯವರೆಗೆ ಕೈಯಲ್ಲಿರುವುದು ಗ್ರಾಹಕರ ಕಾನೂನು. 'ಬೇಡ' ಬಟನ್ನನ್ನು ಕಣ್ಣಿಗೆ ಕಾಣದಂತೆ ಮಾಡುವಂಥ ತಂತ್ರಗಳ ವಿರುದ್ಧ 2023ರ ನವೆಂಬರ್‌ನಲ್ಲೇ ಕೇಂದ್ರದ ಮಾರ್ಗಸೂಚಿ ಬಂದಿದೆ. ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕು ಎಂದು ಒತ್ತಾಯಿಸಬಾರದು ಅಂತಲೂ ಅದೇ ವರ್ಷದ ಮೇನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ತಿಳಿಸಿದೆ. ದೂರಿಗೆ ಗ್ರಾಹಕ ಸಹಾಯವಾಣಿ 1915.

ಇನ್ನು ಅಂಗಡಿಯವರ ಮಾತು. 'ನಮಗೆಲ್ಲಿದೆ ವೆಬ್‌ಸೈಟು' ಎನ್ನಬೇಡಿ. ಸಾಲದ ಪುಸ್ತಕ ಕಾಗದದಲ್ಲಿ ಇರುವವರೆಗೆ ಈ ಕಾಯ್ದೆ ಬರಲ್ಲ. ಅದೇ ಹೆಸರು, ನಂಬರುಗಳನ್ನು ಆ್ಯಪ್‌ಗೆ ಹಾಕಿದ ದಿನದಿಂದ ಬರುತ್ತದೆ. ಕಾಯ್ದೆಯೊಳಗೇ ಮೆಡಿಕಲ್ ಸ್ಟೋರಿನ ಉದಾಹರಣೆ ಇದೆ: ಗಿರಾಕಿ ತಾವಾಗಿಯೇ ನಂಬರ್ ಕೊಟ್ಟು ರಸೀದಿ ಮೆಸೇಜ್ ಕೇಳಿದರೆ ಕಳಿಸಬಹುದು, ಆ ಕೆಲಸಕ್ಕಷ್ಟೇ. ಅದೇ ನಂಬರಿಗೆ ದೀಪಾವಳಿ ಆಫರ್ ಕಳಿಸಬೇಕಾದರೆ ಬೇರೆಯಾಗಿ ಕೇಳಿ. ಕೇಳಿದರೆ ಬಹಳ ಜನ ಹೂಂ ಅಂತಲೇ ಅಂತಾರೆ.

ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಗಾಬರಿ ಬೇಡ, ತಪ್ಪು ಎಷ್ಟು ದೊಡ್ಡದು ಎಂದು ನೋಡಿಯೇ ದತ್ತಾಂಶ ಸಂರಕ್ಷಣಾ ಮಂಡಳಿ ಮೊತ್ತ ನಿಗದಿ ಮಾಡುತ್ತದೆ. ನಮಗೆ ಸರಿಕಾಣದ್ದು ಇನ್ನೊಂದು: ದಂಡದ ಹಣ ಪೂರ್ತಿ ಸರ್ಕಾರದ ಖಜಾನೆಗೆ; ಮಾಹಿತಿ ಸೋರಿ ಕಷ್ಟಪಟ್ಟವರಿಗೆ ಅದರಲ್ಲಿ ಪಾಲಿಲ್ಲ. ಸುಳ್ಳು ದೂರು ಕೊಟ್ಟವರಿಗೆ ಮಾತ್ರ 10,000 ರೂಪಾಯಿವರೆಗೆ ದಂಡ ಬೀಳಬಹುದು. ಹಾಗಾಗಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮೊದಲು ಆ ಕಂಪನಿಗೇ ಬರೆಯಬೇಕು, ಅಲ್ಲಿ ಬಗೆಹರಿಯದಿದ್ದರಷ್ಟೇ ಮಂಡಳಿಗೆ. ಮಂಡಳಿಯ ಕೆಲಸವೆಲ್ಲ ಆನ್‌ಲೈನ್, ದೆಹಲಿಗೆ ಹೋಗಬೇಕಿಲ್ಲ.