ಚೀಕಲಪರ್ವಿಯಿಂದ ಚಿಪ್ಪಗಿರಿಗೆ: ವಿಜಯದಾಸರಿಗೆ ಹಾಡುವ ಅಧಿಕಾರ ಕೊಟ್ಟವರು ಯಾರು?

ನಾನು ಕೋಸಗಿಯವಳು. ನಮ್ಮನೇಲಿ ಅಜ್ಜಿಯ ಹಾಡಿನ ಪುಸ್ತಕ ಒಂದಿದೆ. ಭಾಷೆ ಕನ್ನಡ, ಲಿಪಿ ತೆಲುಗು. ಬಹಳಷ್ಟು ಹಾಡುಗಳ ಕೊನೆಗೆ ಬರುವ ಅಂಕಿತ ‘ವಿಜಯವಿಠಲ’. ಈ ಪ್ರಬಂಧ ಶುರುವಾದದ್ದು ಅಲ್ಲಿಂದ.

ವಿಜಯದಾಸರು 1682ರಲ್ಲಿ ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ಹುಟ್ಟಿದರು. 1755ರಲ್ಲಿ ತೀರಿಕೊಂಡದ್ದು ಗುಂತಕಲ್ ಹತ್ತಿರದ ಚಿಪ್ಪಗಿರಿಯಲ್ಲಿ. ಹುಟ್ಟು ತುಂಗಭದ್ರೆಯ ಆ ಕಡೆ, ಕೊನೆ ಈ ಕಡೆ. ನಡುವೆ ಕಡುಬಡತನ, ಕಾಶಿಯವರೆಗಿನ ತಿರುಗಾಟ. ತಾವೇ ಕಟ್ಟಿ ತಾವೇ ಹಾಡಿದವರು; ಪೀಠಾಧಿಪತಿಯಲ್ಲ, ಆಸ್ಥಾನ ಕವಿಯೂ ಅಲ್ಲ. ಹಾಗಾದರೆ ಹಾಡುವ ಅಧಿಕಾರ ಎಲ್ಲಿಂದ ಬಂತು?

ಕನಸಿನಲ್ಲಿ ಪುರಂದರದಾಸರು ಬಂದು ಅಂಕಿತ ಕೊಟ್ಟರು ಅನ್ನುತ್ತದೆ ಸಂಪ್ರದಾಯ. ಪುರಂದರರು ಕಾಲವಾದದ್ದು 1564ರಲ್ಲಿ, ಅಂದರೆ ಇವರು ಹುಟ್ಟುವ ನೂರಾ ಹದಿನೆಂಟು ವರ್ಷ ಮೊದಲು. ಇದನ್ನು ಪವಾಡ ಅಂತ ನಂಬಬಹುದು, ಕಟ್ಟುಕಥೆ ಅಂತ ತಳ್ಳಲೂಬಹುದು. ನನಗೆ ಮುಖ್ಯ ಅನ್ನಿಸಿದ್ದು ಬೇರೆ: ಕನಸಿನ ಅಂಕಿತಕ್ಕೆ ಬದುಕಿರುವ ಯಾರ ಒಪ್ಪಿಗೆಯೂ ಬೇಕಿಲ್ಲ. ಸಂಖ್ಯೆಯ ಕಥೆಯೂ ಹೀಗೇ. ಪುರಂದರರು 4,75,000 ರಚಿಸಿದರು, ಉಳಿದ 25,000 ವಿಜಯದಾಸರು ಮಾಡಿ ಐದು ಲಕ್ಷ ತುಂಬಿಸಿದರು ಅಂತಾರೆ. ಇದು ಲೆಕ್ಕವಲ್ಲ, ವಾರಸುದಾರಿಕೆಯ ಪತ್ರ.

ಅಂದಮಾತ್ರಕ್ಕೆ ಅವರನ್ನು ಬಂಡಾಯಗಾರ ಅನ್ನೋಕಾಗಲ್ಲ. ಸಿದ್ಧಾಂತದಲ್ಲಿ ಅವರು ಪೂರಾ ಮಾಧ್ವರು. ತಾರತಮ್ಯವನ್ನು ಎಲ್ಲೂ ಬಿಟ್ಟುಕೊಡಲಿಲ್ಲ. ಅವರ ಸ್ವಾತಂತ್ರ್ಯ ಇರುವುದು ನುಡಿಯಲ್ಲಿ, ರೂಪದಲ್ಲಿ. ಸುಳಾದಿಯನ್ನೇ ನೋಡಿ: ಒಂದೇ ರಚನೆಯೊಳಗೆ ಧ್ರುವ, ಮಟ್ಟ, ತ್ರಿಪುಟ, ಅಟ್ಟ ಅಂತ ತಾಳ ಬದಲಾಗುತ್ತಾ ಹೋಗಿ, ಕೊನೆಗೆ ‘ಜತೆ’ ಎಂಬ ಎರಡು ಸಾಲಿನಲ್ಲಿ ನಿಲ್ಲುತ್ತದೆ. ಸಂಸ್ಕೃತದ ಟೀಕೆಗಳಲ್ಲಿದ್ದ ವಾದವನ್ನು ಕನ್ನಡದಲ್ಲಿ ಬಾಯಿಪಾಠಕ್ಕೆ ಬರುವಂತೆ ಮಾಡಿದ್ದು ಈ ರೂಪ.

ಪಂಡಿತರಿಗೆ ಇದು ಹಿಡಿಸಲಿಲ್ಲ ಅನ್ನೋದಕ್ಕೆ ಮಾನ್ವಿಯ ಶ್ರೀನಿವಾಸಾಚಾರ್ಯರ ಕಥೆ ಇದೆ. ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿಗೆ ಹೊಟ್ಟೆನೋವಿನ ನೆಪ ಹೇಳಿ ಹೋಗಲಿಲ್ಲ. ಆಮೇಲೆ ನಿಜವಾಗಿಯೇ ನೋವು ಬಂತು. ವಿಜಯದಾಸರು ಅವರನ್ನು ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು. ಅದೇ ಆಚಾರ್ಯರು ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ವನ್ನು ಕನ್ನಡದಲ್ಲೇ ಬರೆದರು. ಆದರೆ ಗಮನಿಸಿ, ಗುರು ಕನಸಿನಿಂದ ಪಡೆದದ್ದನ್ನು ಶಿಷ್ಯರು ಗುರುವಿನ ಮೂಲಕವೇ ಪಡೆಯಬೇಕಾಯಿತು. ಒಬ್ಬರ ಸ್ವಾತಂತ್ರ್ಯ ಮುಂದಿನವರಿಗೆ ಪರಂಪರೆಯಾಯಿತು.

ಈ ಪರಂಪರೆಗೆ ಹೊಳೆ ಗಡಿಯಾಗಿರಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಚೀಕಲಪರ್ವಿ ಇವತ್ತು ಕರ್ನಾಟಕ, ಚಿಪ್ಪಗಿರಿ ಆಂಧ್ರ. ನಮ್ಮ ಕಡೆ ಶಾಲೆಯ ಅಕ್ಷರ ಬದಲಾಯಿತು, ಹಾಡು ಬದಲಾಗಲಿಲ್ಲ.

ಅಜ್ಜಿಗೆ ಮಠವೂ ಗೊತ್ತಿರಲಿಲ್ಲ, ವಿಶ್ವವಿದ್ಯಾಲಯವೂ ಗೊತ್ತಿರಲಿಲ್ಲ. ಗೊತ್ತಿದ್ದ ಲಿಪಿಯಲ್ಲಿ, ಬಾಯಲ್ಲಿದ್ದ ಕನ್ನಡ ಬರೆದುಕೊಂಡಳು. ಆ ಪುಸ್ತಕದಲ್ಲಿ ಕೆಲವು ಪಾಠಗಳು ಅಚ್ಚಾದವುಗಳಿಗಿಂತ ಬೇರೆ ಇವೆ. ಅವನ್ನು ‘ತಪ್ಪು’ ಅಂತ ತಿದ್ದಬೇಕೋ, ಪಾಠಾಂತರ ಅಂತ ದಾಖಲಿಸಬೇಕೋ? ನಾನು ದಾಖಲಿಸುವ ಪರ. ಕನ್ನಡದಲ್ಲಿ ಹಾಡೋಕೆ ಯಾರ ಅಪ್ಪಣೆಯೂ ಬೇಡ ಅಂದವರ ಹಾಡಿಗೆ, ಬರೆದಿಟ್ಟುಕೊಂಡವಳು ನಮ್ಮ ಅಪ್ಪಣೆ ಕೇಳಬೇಕಾಗಿಲ್ಲ.

ಇಷ್ಟು ಹೇಳಿ ನಿಲ್ಲಿಸ್ತೀನಿ. ಪ್ರಶ್ನೆಗಳಿದ್ದರೆ ಕೇಳಿ, ಸರ್, ಮೇಡಂ.