ವಿಹಾರದ ನೀರು, ಕಾನ್ಹೇರಿಯ ನೆಲೆ

ವಾರವಿಡೀ ಗಡಿಯಾರದ ಮುಳ್ಳಿನೊಡನೆ ಓಡುವ ಬಾಳು ಮುಂಬಯಿಯಲ್ಲಿರುವ ನಮ್ಮದು. ಆದುದರಿಂದ ರವಿವಾರ ಬಂತೆಂದರೆ ಚಿತ್ರಾನ್ನ ಮೊಸರನ್ನಗಳ ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಹಸಿರು ಕಂಡಲ್ಲಿಗೆ ಹೊರಡುವುದು ನಮ್ಮವರ ಹಳೆಯ ರೂಢಿ. ಕೆಲವರು ಪವಾಯಿ ಕೆರೆಯ ದಂಡೆಗೆ ಹೋಗುತ್ತಾರೆ, ಕೆಲವರು ಆರೇ ಕಾಲನಿಗೆ, ಇನ್ನು ಕೆಲವರು ಬೋರಿವಲಿಯ ಕಾಡು ಹೊಕ್ಕು ಕಾನ್ಹೇರಿಯ ಗುಹೆಗಳಿಗೆ. ಹೋಗುತ್ತೇವೆ, ಉಣ್ಣುತ್ತೇವೆ, ಸಂಜೆಯ ಗಾಡಿಗೆ ಮರಳುತ್ತೇವೆ. ಆದರೆ ಆ ಕೆರೆಯನ್ನು ಕಟ್ಟಿದವರಾರು, ಆ ಗುಹೆಗಳಲ್ಲಿ ತಂಗಿದವರಾರು, ಅವರಿಗೂ ನಮಗೂ ಇರುವ ನಂಟೇನು ಎಂಬುದನ್ನು ವಿಚಾರಿಸುವಷ್ಟು ಬಿಡುವು ನಮಗೆ ಸಿಕ್ಕುವುದಿಲ್ಲ. ರಾಜ್ಯೋತ್ಸವದ ಈ ಶುಭ ಸಂದರ್ಭದಲ್ಲಿ ಅಷ್ಟನ್ನು ಇಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಮೊದಲು ಕೆರೆಗಳ ಮಾತು. ಏಳು ದ್ವೀಪಗಳನ್ನು ಕೂಡಿಸಿ ಕಟ್ಟಿದ ಈ ಊರಿಗೆ ಸುತ್ತಲೂ ನೀರಿದ್ದರೂ ಕುಡಿಯಲು ನೀರಿರಲಿಲ್ಲ. ಬಾವಿಗಳನ್ನೂ ದಾನಿಗಳು ತೋಡಿಸಿದ ಕೆರೆಗಳನ್ನೂ ನೆಚ್ಚಿ ಜನ ಬದುಕುತ್ತಿದ್ದರು. ಆ ಕೆರೆಗಳು ತುಂಬಿಹೋದರೂ ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್, ಸಿ. ಪಿ. ಟ್ಯಾಂಕ್ ಎಂಬ ಹೆಸರುಗಳು ಇಂದಿಗೂ ನಮ್ಮ ಬಾಯಲ್ಲಿವೆ. 1854ರಲ್ಲಿ ಮಳೆ ಕೈಕೊಟ್ಟು ನೀರಿಗೆ ಹಾಹಾಕಾರವೆದ್ದಿತು; ದನಕರುಗಳನ್ನು ನಗರದ ಹೊರಗೆ ಸಾಗಿಸಿ, ಹೊರಗಿನಿಂದ ನೀರು ತರಿಸಬೇಕಾಯಿತು. ಇದಾದ ಮೇಲೆ ಸರಕಾರವು ಸಾಷ್ಟಿ ದ್ವೀಪದ ಬೆಟ್ಟಗಳ ನಡುವೆ, ಮಿಠಿ ನದಿಯ ಕಣಿವೆಯಲ್ಲಿ, ಅಣೆಕಟ್ಟು ಹಾಕುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಹೆನ್ರಿ ಕಾನಿಬೇರ್ ಎಂಬ ಎಂಜಿನಿಯರನ ನಕ್ಷೆಯಂತೆ 1856ರಲ್ಲಿ ಕೆಲಸ ಆರಂಭವಾಗಿ 1860ರಲ್ಲಿ ವಿಹಾರ ಸರೋವರವು ಸಿದ್ಧವಾಯಿತು. ಎರಕದ ಕಬ್ಬಿಣದ ಕೊಳವೆಗಳಲ್ಲಿ ಅಲ್ಲಿಂದ ಹರಿದು ಬಂದ ನೀರೇ ಈ ನಗರಕ್ಕೆ ಬಂದ ಮೊತ್ತಮೊದಲ ಕೊಳವೆಯ ನೀರು. ಊರು ಬೆಳೆದಂತೆ ಅದು ಸಾಲದಾಗಿ, 1879ರಲ್ಲಿ ತುಳಸಿ ಸರೋವರವೂ 1891ರಲ್ಲಿ ಪವಾಯಿಯೂ ಅದರ ಜೊತೆಗೂಡಿದವು. ಪವಾಯಿಯ ನೀರು ಕುಡಿಯಲು ಯೋಗ್ಯವೆನಿಸಲಿಲ್ಲ. ಅಷ್ಟರಲ್ಲಿ, 1892ರಲ್ಲಿ, ದೂರದ ತಾನ್ಸಾದಿಂದ ನೀರು ಬಂದಿತು. ಇಂದು ಭಾತ್ಸಾ, ವೈತರಣಾ ಮೊದಲಾದ ದೊಡ್ಡ ಜಲಾಶಯಗಳೇ ನಗರದ ಬಾಯಾರಿಕೆಯನ್ನು ಹಿಂಗಿಸುತ್ತಿದ್ದು, ವಿಹಾರ ತುಳಸಿಗಳದು ಅಲ್ಪಭಾಗ ಮಾತ್ರ. ವಿಹಾರದ ದಂಡೆಗೆ ಈಗ ಸಾರ್ವಜನಿಕರಿಗೆ ಮುಕ್ತ ಪ್ರವೇಶವೂ ಇಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಮಾತುಂಟು. ಕೊಳವೆಯ ನೀರು ಬಂದುದರಿಂದಲೇ ಈ ಊರು ಹೊರಗಿನವರನ್ನು ಇಷ್ಟೊಂದು ಸಂಖ್ಯೆಯಲ್ಲಿ ಬರಮಾಡಿಕೊಳ್ಳುವಂತಾಯಿತು. ಗಿರಣಿಗಳು, ಗೋದಿಗಳು, ಚಾಳುಗಳು, ನಮ್ಮವರ ಹೋಟೆಲುಗಳು, ಯಾವುವೂ ನೀರಿಲ್ಲದೆ ನಡೆಯುವಂಥವಲ್ಲ. ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಬಂದ ಹುಡುಗನಾಗಲಿ, ಧಾರವಾಡ ವಿಜಾಪುರಗಳಿಂದ ರೈಲಿನಲ್ಲಿ ಬಂದ ಗುಮಾಸ್ತನಾಗಲಿ, ಇಳಿದೊಡನೆ ಕುಡಿದ ಮೊದಲ ಲೋಟ ನೀರು ಇವನಿಗಿಂತ ಮೊದಲೇ ಯಾರೋ ಯೋಚಿಸಿ ಕೂಡಿಟ್ಟದ್ದು. ಅತಿಥಿಗೆ ಮೊದಲು ನೀರು ಕೊಡುವುದು ನಮ್ಮ ನಾಡಿನ ರೀತಿ. ಈ ಊರೂ ನಮಗೆ ಹಾಗೆಯೇ ಮಾಡಿತು.

ಇನ್ನು ತಂಗುದಾಣದ ಮಾತು. ವಿಹಾರವೆಂದರೆ ನಮಗೆ ತಿರುಗಾಟ, ಸಂತೋಷಕ್ಕಾಗಿ ಹೋಗಿಬರುವುದು. ಬೌದ್ಧರ ಮಾತಿನಲ್ಲಿ ಅದು ಭಿಕ್ಷುಗಳು ವಾಸಿಸುವ ಮನೆ. ಸರೋವರಗಳ ನೆರೆಯ ಕಾಡಿನಲ್ಲಿಯೇ ಅಂಥ ನೂರಕ್ಕೂ ಮೇಲ್ಪಟ್ಟ ಮನೆಗಳನ್ನು ಕಪ್ಪು ಕಲ್ಲಿನಲ್ಲಿ ಕೊರೆದಿದ್ದಾರೆ. ಹಳೆಯ ಶಾಸನಗಳಲ್ಲಿ ಈ ಬೆಟ್ಟದ ಹೆಸರು ಕೃಷ್ಣಗಿರಿ. ಅದೇ ಪ್ರಾಕೃತದಲ್ಲಿ ಕಣ್ಹಗಿರಿಯಾಗಿ, ಇಂದು ಕಾನ್ಹೇರಿಯಾಗಿದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಸುಮಾರಿಗೆ ಮೊದಲಾದ ಈ ನೆಲೆ ಸಾವಿರ ವರ್ಷಗಳ ಕಾಲ ಜನವಾಸದಿಂದ ಕೂಡಿತ್ತು. ಕಲ್ಯಾಣ, ಸೋಪಾರಗಳ ವರ್ತಕರು ಇದಕ್ಕೆ ದಾನಿಗಳು. ಗುಹೆಯೊಳಗೆ ಮಲಗಲು ಕಲ್ಲಿನ ಜಗಲಿ, ಮಗ್ಗುಲಲ್ಲಿ ಮಳೆಯ ನೀರು ಬಂದು ಬೀಳುವಂತೆ ಕಾಲುವೆ ಕೊರೆದ ತೊಟ್ಟಿ. ಕಾನಿಬೇರ್ ಕಣಿವೆಗೆ ಅಡ್ಡಲಾಗಿ ಕಟ್ಟೆ ಹಾಕುವುದಕ್ಕೆ ಸಾವಿರಾರು ವರ್ಷ ಮುಂಚೆಯೇ ಇದೇ ಬೆಟ್ಟದ ಮಳೆಯನ್ನು ಕೂಡಿಟ್ಟು ಬದುಕುವ ವಿದ್ಯೆಯನ್ನು ಇಲ್ಲಿಯವರು ಬಲ್ಲವರಾಗಿದ್ದರು. ಒಂದು ತೊಟ್ಟಿಯ ಬಳಿಯ ಶಾಸನವು ವಾಸಿಷ್ಠೀಪುತ್ರ ಸಾತಕರ್ಣಿಯ ರಾಣಿಯನ್ನು ಹೆಸರಿಸಿ, ಸತೇರಕನೆಂಬ ಅಮಾತ್ಯನ ನೀರಿನ ದಾನವನ್ನು ದಾಖಲಿಸಿದೆ. ಕೆರೆ ಕಟ್ಟಿಸುವುದು, ಅರವಟ್ಟಿಗೆ ಇಡುವುದು, ಛತ್ರ ಹಾಕಿಸುವುದು ಪುಣ್ಯವೆಂದು ನಮ್ಮ ಹಳ್ಳಿಗಳಲ್ಲಿ ಹಿರಿಯರು ಹೇಳುವ ಮಾತಿಗೂ ಇದಕ್ಕೂ ಎಳ್ಳಷ್ಟೂ ಅಂತರವಿಲ್ಲ.

ಕನ್ನಡಿಗರಾದ ನಮಗೆ ಮೈ ನವಿರೇಳಿಸುವ ಸಂಗತಿ ಮುಂದಿದೆ. ಒಂಬತ್ತನೆಯ ಶತಮಾನದ ಮೂರು ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ಕಲಬುರಗಿ ಜಿಲ್ಲೆಯ ಮಳಖೇಡ, ಅಂದಿನ ಮಾನ್ಯಖೇಟ, ಇವನ ರಾಜಧಾನಿ. ಕನ್ನಡದ ಮೊದಲ ಲಕ್ಷಣಗ್ರಂಥವಾದ 'ಕವಿರಾಜಮಾರ್ಗ' ಹುಟ್ಟಿದ್ದು ಈ ನೃಪತುಂಗನ ಆಸ್ಥಾನದಲ್ಲಿ. ಅವನ ಅಧೀನದಲ್ಲಿ ಶಿಲಾಹಾರ ಮಹಾಸಾಮಂತರು ಕೊಂಕಣವನ್ನು ಆಳುತ್ತಿದ್ದರು. ಶಕ 765ರ, ಎಂದರೆ ಕ್ರಿ. ಶ. 843ರ ಶಾಸನದಲ್ಲಿ ಪುಲ್ಲಶಕ್ತಿಯೆಂಬ ಸಾಮಂತನ ಹೆಸರು ಬರುತ್ತದೆ. ಆಗ ಕೊಟ್ಟ ದತ್ತಿಯಲ್ಲಿ ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಗಳಿಗೆ ಎಂದು ಬೇರೆಬೇರೆಯಾಗಿ ಹಣ ತೆಗೆದಿರಿಸಿದೆ. ಅವನ ಮಗ ಕಪರ್ದಿಯ ಕಾಲದಲ್ಲಿ, ಸುಮಾರು ಹತ್ತು ವರ್ಷಗಳ ಅನಂತರ, ಗೌಡದೇಶದಿಂದ, ಎಂದರೆ ಇಂದಿನ ಬಂಗಾಳದಿಂದ, ಅವಿಘ್ನಾಕರನೆಂಬವನೊಬ್ಬ ಇಲ್ಲಿಗೆ ಬಂದ. ಬಂದವನು ಇಲ್ಲಿ ಭಿಕ್ಷುಗಳಿಗಾಗಿ ವಾಸದ ಮನೆಯನ್ನು ಕಟ್ಟಿಸಿ, ಅವರ ಬಟ್ಟೆಬರೆಗೆಂದು ನೂರು ದ್ರಮ್ಮಗಳನ್ನು ಶಾಶ್ವತ ನಿಧಿಯಾಗಿ ಇರಿಸಿದ.

ಈ ಶಾಸನಗಳ ಭಾಷೆ ಕನ್ನಡವಲ್ಲ, ಸಂಸ್ಕೃತ. ಚಕ್ರವರ್ತಿಯ ಹೆಸರು ಕಲ್ಲಿನಲ್ಲಿದೆಯೆಂಬ ಕಾರಣಕ್ಕೆ ನೆಲ ನಮ್ಮದೆಂದು ವಾದಿಸಲು ಹೊರಟರೆ ಅದು ಹಾಸ್ಯಾಸ್ಪದವಾದೀತು. ಮರಾಠಿ ಬಾಂಧವರ ಈ ನಾಡಿನಲ್ಲಿ ಅಂಥ ಮಾತು ನಮಗೆ ಶೋಭಿಸುವುದೂ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಕಥೆಯಲ್ಲಿ ನಮಗೆ ನಿಜವಾಗಿ ಹತ್ತಿರದವನು ಅಮೋಘವರ್ಷನಲ್ಲ, ಅವಿಘ್ನಾಕರ. ಅವನೂ ನಮ್ಮಂತೆ ಪರಸ್ಥಳದವನು. ಆದರೆ ತನ್ನ ನಂತರ ಬರುವವನಿಗೆ ಮಲಗಲು ಸೂರು, ಉಡಲು ಬಟ್ಟೆ ಇರಲೆಂದು ಏರ್ಪಾಡು ಮಾಡಿ ಹೋದ. ಒಳ್ಳೆಯ ಅತಿಥಿಗೃಹವು ನಡೆಯುವುದು ಹೀಗೆ: ನಿನ್ನೆಯ ಅತಿಥಿ ನಾಳೆಯ ಅತಿಥಿಗಾಗಿ ಬಾಗಿಲು ತೆರೆದಿಡುತ್ತಾನೆ.

ನಮ್ಮ ಹಿರಿಯರು ಆ ಶಾಸನವನ್ನು ಓದಿರಲಾರರು, ಆದರೆ ಅದರಂತೆಯೇ ನಡೆದರು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು. 1908ರಲ್ಲಿ ಅದರ ರಾತ್ರಿಶಾಲೆ ಬಾಗಿಲು ತೆರೆಯಿತು. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಆರಂಭವಾದವು. 1942ರಲ್ಲಿ ಮಾಟುಂಗದಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಲೆ ಹಾಕತೊಡಗಿತು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದ ಹುಡುಗರು ಮುಂದೆ ಬ್ಯಾಂಕು, ಕಚೇರಿ, ನ್ಯಾಯಾಲಯಗಳಲ್ಲಿ ಹೆಸರು ಪಡೆದರು. ಅವರಿಗೆ ಪಾಠ ಹೇಳಿದವರಲ್ಲಿಯೂ ಹಾಗೆ ಬಂದು ನೆಲೆ ನಿಂತವರೇ ಹೆಚ್ಚು.

ಕಾನ್ಹೇರಿಯ ಶಾಸನಗಳಲ್ಲಿ 'ಅಕ್ಷಯ ನೀವಿ' ಎಂಬ ಮಾತು ಬರುತ್ತದೆ. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದಲೇ ಧರ್ಮಕಾರ್ಯ ನಡೆಸುವ ನಿಧಿ ಅದು. ಅಕ್ಷಯವೆಂದು ಕಲ್ಲಿನಲ್ಲಿ ಕೊರೆದರೂ ಆ ನಿಧಿಗಳು ಅಕ್ಷಯವಾಗಿ ಉಳಿಯಲಿಲ್ಲ. ಕೊಡುವವರು ನಿಂತರು, ಇರುವವರು ಹೋದರು. ಇಂದು ಮಳೆಗಾಲದಲ್ಲಿ ತೊಟ್ಟಿಗಳು ತುಂಬುತ್ತವೆ, ಕುಡಿಯುವವರಿಲ್ಲ. ಮುಂಬಯಿಯ ಎಷ್ಟೋ ಕನ್ನಡ ರಾತ್ರಿಶಾಲೆಗಳು ಮುಚ್ಚಿಹೋಗಿವೆ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳು ವಿರಳರಾಗಿದ್ದಾರೆ. ಹುಡುಗರು ಹಡಗು ಹತ್ತಿ ಬರುವ ಕಾಲ ಹೋಯಿತೆಂಬುದು ನಿಜ. ಆದರೆ ಊರಿನಿಂದ ಬರುವವರು ಇಂದಿಗೂ ಇದ್ದಾರೆ: ಟಾಟಾ ಆಸ್ಪತ್ರೆಗೆ ರೋಗಿಯನ್ನು ಕರೆತಂದು ತಂಗಲು ಜಾಗ ಹುಡುಕುವವರು, ಪರೀಕ್ಷೆಗೆ ಬಂದ ವಿದ್ಯಾರ್ಥಿಗಳು, ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ ಯಾದಗಿರಿಯ ಕುಟುಂಬಗಳು. ಅಮೋಘವರ್ಷನ ರಾಜಧಾನಿಯ ಸೀಮೆಯಿಂದಲೇ ಬಂದ ಈ ಕೊನೆಯವರು ನಮ್ಮ ಸಭೆಗಳಲ್ಲಿ ಕಾಣಿಸಿಕೊಳ್ಳುವುದು ಎಷ್ಟು ಅಪರೂಪ!

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ವಿಹಾರ ಪವಾಯಿಗಳ ಹೆಚ್ಚುವರಿ ನೀರನ್ನು ಹೊತ್ತ ಮಿಠಿ ನದಿ ಕುರ್ಲಾದ ಬೀದಿಗಳನ್ನು ಮುಳುಗಿಸಿತು. ಆ ರಾತ್ರಿ ಈ ಊರಿನ ಜನ ಜಾತಿ ಭಾಷೆ ಕೇಳದೆ ಅಪರಿಚಿತರಿಗೆ ಬಾಗಿಲು ತೆರೆದು ಅನ್ನ ನೀರು ಕೊಟ್ಟರು. ಅತಿಥಿ ಸತ್ಕಾರವು ಈ ನೆಲದ ಗುಣವೆಂಬುದಕ್ಕೆ ಬೇರೆ ಶಾಸನ ಬೇಕಿಲ್ಲ.

ಮುಂದಿನ ರಜೆಯಲ್ಲಿ ವಾಚಕ ಬಂಧುಗಳು ಮಕ್ಕಳನ್ನು ಕಾನ್ಹೇರಿಗೆ ಕರೆದೊಯ್ಯಲಿ. ನೃಪತುಂಗನ ಹೆಸರನ್ನು ಅವಶ್ಯವಾಗಿ ಹೇಳಲಿ. ಅದರೊಡನೆ ಗೌಡದೇಶದ ಆ ಪರಸ್ಥಳದವನ ನೂರು ದ್ರಮ್ಮಗಳ ಕಥೆಯನ್ನೂ ಹೇಳಲಿ. ಬಳಿಕ ನಮ್ಮ ನಮ್ಮ ಸಂಘಗಳಲ್ಲಿ, ಈಗ ತಾನೇ ಊರಿನಿಂದ ಬಂದಿಳಿದವನಿಗಾಗಿ ಒಂದು ಕೋಣೆ, ಒಂದು ಚಾಪೆ, ಒಂದು ತಂಬಿಗೆ ನೀರು ಇದೆಯೇ ಎಂದು ಒಮ್ಮೆ ನೋಡಿಕೊಳ್ಳೋಣ. ಇಲ್ಲವಾದರೆ ಈ ವರ್ಷವೇ ಅದಕ್ಕೊಂದು ನಿಧಿ ಕೂಡಿಸೋಣ. ಕನ್ನಡ ತಾಯಿಗೆ ನಾವು ಸಲ್ಲಿಸುವ ಪೂಜೆಯೂ, ನಮಗೆ ನೀರು ನೆಲೆಗಳನ್ನಿತ್ತ ಈ ನಗರಕ್ಕೆ ತೀರಿಸುವ ಋಣವೂ ಅದೇ ಆದೀತು.